ಥೀಮ್ ಪಾರ್ಕಿಗೆ ಹೊರಟಿರೇನು? ರೆಸಾರ್ಟ್ ದರ ಹೋಲಿಸುವ ಪೂರ್ತಿ ಲೆಕ್ಕ, ಹುಬ್ಬಳ್ಳಿ ಮನೆಯಿಂದ

ಮಾರ್ಚ್ ಪರೀಕ್ಷೆ ಮುಗಿಯುವ ಹೊತ್ತಿಗೆ ನಮ್ಮ ಕಡೆಯ ಮನೆಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸ್ಕ್ರೀನ್‌ಶಾಟ್‌ಗಳ ಸುಗ್ಗಿ. ಕಾಕಾ ಕಳಿಸಿದ್ದು ರೂಮಿಗೆ 4,999. ಅತ್ತಿಗೆ ಕಳಿಸಿದ್ದು ತಲೆಗೆ 2,200. ಬೆಂಗಳೂರಿನಲ್ಲಿರುವ ಅಳಿಯ ಕಳಿಸಿದ್ದು ಎರಡು ರಾತ್ರಿಗೆ, ಪಾರ್ಕ್ ಟಿಕೆಟ್ ಸಮೇತ, 18,000. ಯಾವುದು ಅಗ್ಗ ಎಂದು ಚರ್ಚೆ ರಾತ್ರಿ ಹನ್ನೊಂದರ ತನಕ ನಡೆಯುತ್ತದೆ, ಯಾರೂ ಸೋಲುವುದಿಲ್ಲ. ಸೋಲುವುದು ಸಾಧ್ಯವೂ ಇಲ್ಲ, ಯಾಕೆಂದರೆ ಮೂರೂ ಬೇರೆ ಬೇರೆ ಸರಕಿನ ಬೆಲೆ. ಒಂದರಲ್ಲಿ ತೆರಿಗೆ ಸೇರಿಲ್ಲ, ಇನ್ನೊಂದರಲ್ಲಿ ಊಟ ಸೇರಿದೆ, ಮೂರನೆಯದರಲ್ಲಿ ಮಕ್ಕಳು ಲೆಕ್ಕಕ್ಕೇ ಬಂದಿಲ್ಲ.

ಹೋಲಿಸಬೇಕಾದದ್ದು ರೂಮಿನ ಬಾಡಿಗೆಯನ್ನಲ್ಲ. ನಿಮ್ಮ ಮನೆಯ ಇಷ್ಟು ಮಂದಿ, ಇಂಥ ತಾರೀಕಿಗೆ, ಬಾಗಿಲಿಗೆ ಕೀಲಿ ಹಾಕಿದಾಗಿನಿಂದ ಮತ್ತೆ ಬಂದು ತೆಗೆಯುವವರೆಗೆ ಕೈಬಿಡುವ ದುಡ್ಡನ್ನು. ಆ ಅಂಕಿಯನ್ನು ಪ್ರತಿ ಆಯ್ಕೆಗೂ ಹೊರಡಿಸುವ ಕ್ರಮ ಕೆಳಗಿದೆ. ಒಂದು ಸಂಜೆ, ಒಂದು ನೋಟ್‌ಬುಕ್, ನಾಲ್ಕಾರು ಫೋನ್ ಕರೆ, ಇಷ್ಟರಲ್ಲಿ ಮುಗಿಯುವ ಕೆಲಸ.

ಹಂತ 1: ರೂಮು ಬೇಕೇ ಬೇಕಾ?

ಬುಕಿಂಗ್ ಆ್ಯಪ್‌ಗಳು ಈ ಪ್ರಶ್ನೆಯನ್ನು ಎಂದೂ ಕೇಳುವುದಿಲ್ಲ. ನೀವೇ ಕೇಳಿಕೊಳ್ಳಬೇಕು.

ಒಂದೇ ದಿನ ಪಾರ್ಕ್ ನೋಡುವುದು, ಎಲ್ಲರೂ ಗಟ್ಟಿಮುಟ್ಟು ಎಂದಾದರೆ ಬಿಡದಿಯ ವಂಡರ್‌ಲಾಗೆ ರೂಮಿಲ್ಲದೆಯೇ ಹೋಗಿ ಬರಬಹುದು. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಧಾರವಾಡ, ಹುಬ್ಬಳ್ಳಿ, ಹಾವೇರಿಯವರನ್ನು ಹತ್ತಿಸಿಕೊಂಡು ರಾತ್ರಿಯಿಡೀ ಓಡಿ ಬೆಳಿಗ್ಗೆ ಬೆಂಗಳೂರು ಮುಟ್ಟಿಸುತ್ತದೆ. ಗದಗಿನವರಿಗೆ ಹಂಪಿ ಎಕ್ಸ್‌ಪ್ರೆಸ್ ಇದೆ. ಮೆಜೆಸ್ಟಿಕ್‌ನಿಂದ ನೇರಳೆ ಮಾರ್ಗದ ಮೆಟ್ರೊ 2023ರ ಅಕ್ಟೋಬರ್‌ನಿಂದ ಮೈಸೂರು ರಸ್ತೆಯ ಚಲ್ಲಘಟ್ಟದವರೆಗೆ ಓಡುತ್ತಿದೆ, ಅಲ್ಲಿಂದ ಮುಂದೆ ಬಿಡದಿಗೆ ಬಸ್ಸು. ಪಾರ್ಕಿನ ಬಾಗಿಲು ತೆಗೆಯುವುದು ಸಾಮಾನ್ಯವಾಗಿ ಹನ್ನೊಂದಕ್ಕೆ, ಹಾಗಾಗಿ ಬೆಳಿಗ್ಗೆ ಧಾವಂತವೇನಿಲ್ಲ. ಸ್ನಾನಕ್ಕೆ ರೈಲು ನಿಲ್ದಾಣದ ರಿಟೈರಿಂಗ್ ರೂಮನ್ನೋ ಡಾರ್ಮಿಟರಿಯನ್ನೋ ಖಚಿತವಾದ ಟಿಕೆಟ್‌ನ ಪಿಎನ್‌ಆರ್ ಹಾಕಿ ಐಆರ್‌ಸಿಟಿಸಿಯಲ್ಲಿ ಕಾಯ್ದಿರಿಸಬಹುದು. ರಾತ್ರಿ ಮತ್ತೆ ರೈಲು. ರೂಮಿನ ಖರ್ಚು ಹೆಚ್ಚುಕಡಿಮೆ ಸೊನ್ನೆ.

ಕಾಲೇಜು ಹುಡುಗರ ಗುಂಪಿಗೆ ನಾನು ಹೇಳುವುದು ಇದನ್ನೇ. ಆದರೆ ಮನೆಯಲ್ಲಿ ಐದರ ಒಳಗಿನ ಮಗು ಇದ್ದರೆ, ಮೊಣಕಾಲು ನೋವಿನ ಅಜ್ಜಿ ಜೊತೆಗೆ ಬರುವುದಿದ್ದರೆ, ಅಥವಾ ಎರಡು ದಿನ ಪಾರ್ಕ್ ನೋಡುವುದಿದ್ದರೆ ರೂಮು ಬೇಕು. ವಂದೇ ಭಾರತ್‌ನಲ್ಲಿ ಹೋಗುವವರಿಗೂ ಬೇಕು. ಧಾರವಾಡದಿಂದಲೇ ಹೊರಡುವ ವಂದೇ ಭಾರತ್ ಬಿಡುವುದು ಮಧ್ಯಾಹ್ನ, ಬೆಂಗಳೂರು ತಲುಪುವುದು ಸಂಜೆಯ ಮೇಲೆ. ರೈಲು ಟಿಕೆಟ್ ಆರಿಸುವಾಗಲೇ ಒಂದು ರಾತ್ರಿಯ ಬಾಡಿಗೆಯನ್ನೂ ಆರಿಸಿದಂತಾಯಿತು. ಹಗಲು ಪ್ರಯಾಣ ಹಿತ, ಒಪ್ಪುವೆ. ಆದರೆ ಆ ಹಿತದ ಬೆಲೆಯನ್ನು ಟಿಕೆಟ್ ದರದ ಮುಂದೆ ಬರೆದುಕೊಳ್ಳಿ.

ರೈಡ್ ಯಾರಿಗೂ ಬೇಡ, ಮಕ್ಕಳಿಗೆ ಓಡಾಡಲು ಜಾಗ, ದೊಡ್ಡವರಿಗೆ ಬಿಸಿ ರೊಟ್ಟಿ ಊಟ ಸಾಕು ಎನ್ನುವವರು ಬೆಂಗಳೂರಿನವರೆಗೆ ಹೋಗುವುದೇಕೆ? ಹಾವೇರಿ ರಸ್ತೆಯ ಕುಂದಗೋಳ ಕ್ರಾಸ್ ಹತ್ತಿರದ ಅಗಡಿ ತೋಟ ಇದೆ, ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ ಇದೆ. ಬೆಳಿಗ್ಗೆ ಹೋಗಿ ಸಂಜೆ ಮನೆ.

ಹಂತ 2: ಮಂದಿಯನ್ನು ಕಾಗದದ ಮೇಲೆ ಬರೆಯಿರಿ

ಹೆಸರು, ವಯಸ್ಸು, ಎತ್ತರ. ಎತ್ತರ ಯಾಕೆ? ಹೋಟೆಲಿನವರು ಮಕ್ಕಳನ್ನು ವಯಸ್ಸಿನಿಂದ ಎಣಿಸುತ್ತಾರೆ, ಪಾರ್ಕಿನವರು ಎತ್ತರದಿಂದ. ಬಹಳಷ್ಟು ಹೋಟೆಲುಗಳಲ್ಲಿ ಐದರವರೆಗೆ ಪುಕ್ಕಟೆ, ಆರರಿಂದ ಹನ್ನೆರಡರವರೆಗೆ ಮಕ್ಕಳ ದರ, ಅದರ ಮೇಲೆ ದೊಡ್ಡವರ ದರ. ವಂಡರ್‌ಲಾದಂಥ ಪಾರ್ಕಿನ ಟಿಕೆಟ್ ಕಿಟಕಿಯಲ್ಲಿ ಮಗುವನ್ನು ಅಳತೆಪಟ್ಟಿಯ ಪಕ್ಕ ನಿಲ್ಲಿಸಿ ನೋಡುತ್ತಾರೆ. ಹನ್ನೊಂದು ವರ್ಷದ ಉದ್ದನೆ ಹುಡುಗಿ ಹೋಟೆಲಿಗೆ ಕೂಸು, ಪಾರ್ಕಿಗೆ ದೊಡ್ಡವಳು. ಮನೆಯ ಗೋಡೆಗೆ ಪೆನ್ಸಿಲ್ ಗೆರೆ ಎಳೆದು ಅಳೆಯಿರಿ, ಚಪ್ಪಲಿ ಬಿಚ್ಚಿಸಿ.

ಮುಂದೆ, ಯಾರು ಎಲ್ಲಿ ಮಲಗುತ್ತಾರೆ ಎಂದು ಬರೆಯಿರಿ. ನಮ್ಮ ಮನೆಗಳಲ್ಲಿ ನೆಲಕ್ಕೆ ಜಮಖಾನೆ ಹಾಸಿ ಎಂಟು ಮಂದಿ ಮಲಗುವುದು ರೂಢಿ. ರೆಸಾರ್ಟಿನವರು ಅದಕ್ಕೆ ಒಪ್ಪುವುದಿಲ್ಲ. ರೂಮಿಗೆ ಇಬ್ಬರು ದೊಡ್ಡವರು, ಒಂದು ಮಗು, ಹೆಚ್ಚೆಂದರೆ ಒಂದು ಎಕ್ಸ್‌ಟ್ರಾ ಬೆಡ್. ಐದು ಮಂದಿ ಎಂದ ಕೂಡಲೇ ಎರಡು ರೂಮು. ಇಡೀ ಹೋಲಿಕೆಯನ್ನು ತಲೆಕೆಳಗು ಮಾಡುವ ಅಂಶ ಇದೇ. ರೂಮಿಗೆ 6,800 ಎಂದು ಕಂಡದ್ದು ನಿಮಗೆ 13,600. ನಾಲ್ಕು ಹಾಸಿಗೆಯ ಫ್ಯಾಮಿಲಿ ರೂಮ್ ಕೊಡುವ ಸಾದಾ ಲಾಡ್ಜು ಗೆಲ್ಲುವುದೇ ಇಲ್ಲಿ.

ಹಂತ 3: ಪ್ರತಿ ಪಾರ್ಕಿಗೂ ಮೂರು ವರ್ತುಲ

ಪಾರ್ಕಿನ ಒಳಗಿನದು ಅಥವಾ ಗೋಡೆಗೆ ಹತ್ತಿಕೊಂಡದ್ದು ಒಂದು. ಹತ್ತು ಹದಿನೈದು ಕಿ.ಮೀ. ಸುತ್ತಿನದು ಇನ್ನೊಂದು. ಊರೊಳಗಿನದು ಮೂರನೆಯದು. ಪ್ರತಿ ವರ್ತುಲದಿಂದ ಒಂದೆರಡು ಹೆಸರು ಆರಿಸಿದರೆ ಸಾಕು. ಇಪ್ಪತ್ತು ಹೋಟೆಲ್ ಪಟ್ಟಿ ಮಾಡಿದವರು ಯಾವುದನ್ನೂ ಸರಿಯಾಗಿ ವಿಚಾರಿಸುವುದಿಲ್ಲ.

ಬಿಡದಿ: ಬೆಂಗಳೂರಿನಿಂದ ಸುಮಾರು 28 ಕಿ.ಮೀ. ದೂರದ ವಂಡರ್‌ಲಾ ಶುರುವಾದದ್ದು 2005ರಲ್ಲಿ, ಪಕ್ಕದಲ್ಲೇ ಅವರದೇ ರೆಸಾರ್ಟ್ 2012ರಲ್ಲಿ. ರೆಸಾರ್ಟಿನಲ್ಲಿ ಇರುವುದು 84 ರೂಮು. ಕೋಟಿ ಮಂದಿ ದಾಟಿದ ಊರಿನ ಮಗ್ಗುಲಿಗೆ 84 ರೂಮು ಎಂದರೆ ಶನಿವಾರದ ದರ ಯಾಕೆ ಏರುತ್ತದೆ ಎಂದು ಯಾರೂ ಬಿಡಿಸಿ ಹೇಳಬೇಕಿಲ್ಲ. ಎರಡನೆಯ ವರ್ತುಲಕ್ಕೆ ಬಿಡದಿ, ರಾಮನಗರ, ಕೆಂಗೇರಿ ಕಡೆಯ ಲಾಡ್ಜುಗಳು. ಮೂರನೆಯದು ಮೆಜೆಸ್ಟಿಕ್, ಗಾಂಧಿನಗರ.

ಹೈದರಾಬಾದ್: ರಾಮೋಜಿ ಫಿಲ್ಮ್ ಸಿಟಿ 1996ರದು. ಒಳಗೇ ಹಲವು ಮಟ್ಟದ ವಸತಿ ಇದೆ: ಮೇಲುಮಟ್ಟದ ಸಿತಾರಾ, ಅದಕ್ಕಿಂತ ಕೆಳಗೆ ತಾರಾ, ಇನ್ನೂ ಸಾದಾ ಶಾಂತಿನಿಕೇತನ, ದೊಡ್ಡ ಗುಂಪುಗಳಿಗೆ ಡಾರ್ಮಿಟರಿಯ ಸಹಾರಾ. ಶಾಲೆಯವರೋ ಓಣಿಯ ಮಂದಿಯೋ ಕೂಡಿ ಹೋಗುವುದಿದ್ದರೆ ಸಹಾರಾ ವಿಚಾರಿಸದೆ ಮುಂದೆ ಹೋಗಬೇಡಿ. ಇಲ್ಲಿ ವಸತಿಯನ್ನು ಬಹುಮಟ್ಟಿಗೆ ಫಿಲ್ಮ್ ಸಿಟಿ ಪ್ರವೇಶದ ಜೊತೆಗೆ ಪ್ಯಾಕೇಜಾಗಿ ಮಾರುತ್ತಾರೆ, ಆದ್ದರಿಂದ ಬರೀ ರೂಮಿನ ದರದ ಎದುರು ಇಟ್ಟು ನೋಡಿದರೆ ಸುಮ್ಮನೆ ದುಬಾರಿ ಕಾಣುತ್ತದೆ. ಹೊರಗೆ ಉಳಿಯುವವರಿಗೆ ಮೆಟ್ರೊ ಮುಗಿಯುವ ಎಲ್.ಬಿ. ನಗರದ ಸುತ್ತ ಹೋಟೆಲುಗಳಿವೆ.

ಖೋಪೋಲಿ: ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇ ಮಗ್ಗುಲಿನ ಇಮ್ಯಾಜಿಕಾ 2013ರಲ್ಲಿ ತೆರೆಯಿತು. ಪಕ್ಕದಲ್ಲೇ 287 ರೂಮಿನ ನೊವೊಟೆಲ್. ಹುಬ್ಬಳ್ಳಿಯಿಂದ ಹೆದ್ದಾರಿ 48 ಹಿಡಿದು ಬೆಳಗಾವಿ, ಕೊಲ್ಹಾಪುರ, ಪುಣೆ ದಾಟಿ ಕಾರಿನಲ್ಲೇ ಹೋಗುವವರು ಜಾಸ್ತಿ. ಎರಡನೆಯ ವರ್ತುಲ ಲೋಣಾವಳ. ಇಲ್ಲೊಂದು ಸೂಕ್ಷ್ಮ: ಲೋಣಾವಳದ ಸುಗ್ಗಿ ಮಳೆಗಾಲ. ನಮ್ಮ ಬುದ್ಧಿಗೆ ಜುಲೈ ಎಂದರೆ ಅಗ್ಗದ ತಿಂಗಳು, ಅಲ್ಲಿ ಮಾತ್ರ ಜುಲೈನ ಶನಿವಾರ ಮುಂಬೈ, ಪುಣೆ ಎರಡೂ ಬಂದು ಕೂತಿರುತ್ತವೆ.

ಮೈಸೂರಿನ ಜಿಆರ್‌ಎಸ್ ಫ್ಯಾಂಟಸಿ ಪಾರ್ಕಿಗೆ ಹೋಗುವವರು ಊರೊಳಗಿನ ಲಾಡ್ಜು ಹಿಡಿದರೆ ಅರಮನೆ, ಝೂ ಎಲ್ಲ ಒಂದೇ ಓಡಾಟದಲ್ಲಿ ಆಗುತ್ತವೆ. ಹಂಪಿ ಎಕ್ಸ್‌ಪ್ರೆಸ್ ನೇರ ಅಲ್ಲಿಗೇ ಹೋಗುತ್ತದೆ.

ಹಂತ 4: ಒಂದೇ ತಾರೀಕು, ಒಂದೇ ಷರತ್ತು

ನೋಟ್‌ಬುಕ್ಕಿನ ಎರಡು ಪುಟ ಜೋಡಿಸಿ ಕಾಲಂ ಎಳೆಯಿರಿ. ಹೋಟೆಲ್, ತಾರೀಕು, ರೂಮುಗಳ ಸಂಖ್ಯೆ, ಒಟ್ಟು ಬಾಡಿಗೆ, ಎಕ್ಸ್‌ಟ್ರಾ ಬೆಡ್, ಜಿಎಸ್‌ಟಿ, ಊಟ-ತಿಂಡಿ, ಪಾರ್ಕ್ ಟಿಕೆಟ್, ಪಾರ್ಕಿಗೆ ಹೋಗಿಬರುವ ಖರ್ಚು, ಚೆಕ್-ಇನ್ ಸಮಯ, ರದ್ದತಿ ಗಡುವು, ಕೊನೆಯ ಮೊತ್ತ. ಮೊಬೈಲಿನಲ್ಲಿ ಶೀಟ್ ಮಾಡುವ ಅಭ್ಯಾಸವಿದ್ದರೆ ಅದೂ ಸರಿ. ಒಂದು ಹೋಟೆಲಿಗೆ ಶುಕ್ರವಾರದ ದರ, ಇನ್ನೊಂದಕ್ಕೆ ಶನಿವಾರದ ದರ ಬರೆಯುವುದು ಬೇಡ. ಒಂದರಲ್ಲಿ ಹಣ ವಾಪಸ್ ಬರುವ ದರ, ಮತ್ತೊಂದರಲ್ಲಿ ವಾಪಸ್ ಬಾರದ ದರ ಹಾಕುವುದೂ ಬೇಡ.

ತಾರೀಕು ಹಿಂದೆಮುಂದೆ ಮಾಡಲು ಅವಕಾಶ ಇರುವವರು ಒಂದೇ ಹೋಟೆಲಿಗೆ ಮೂರು ದಿನದ ದರ ನೋಡಲಿ: ಶನಿವಾರ ರಾತ್ರಿ, ಭಾನುವಾರ ರಾತ್ರಿ, ಮಂಗಳವಾರ ರಾತ್ರಿ. ಬೆಂಗಳೂರಿನ ಮಂದಿ ಭಾನುವಾರ ಸಂಜೆ ಮನೆಗೆ ಹೋಗುತ್ತಾರೆ, ರೆಸಾರ್ಟುಗಳ ದರವೂ ಅವರ ಹಿಂದೆಯೇ ಇಳಿಯುತ್ತದೆ. ಪಾರ್ಕಿನ ಟಿಕೆಟ್ ಕೂಡ ವಾರದ ದಿನ ಕಡಿಮೆ, ಸರತಿಯೂ ಚಿಕ್ಕದು. ಸರತಿ ತಪ್ಪಿಸಲು ದುಬಾರಿ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಕೊಳ್ಳುವ ಬದಲು ಮಂಗಳವಾರ ಹೋಗಿ, ಉಳಿದ ದುಡ್ಡಿನಲ್ಲಿ ಇನ್ನೊಂದು ರಾತ್ರಿಯ ರೂಮೇ ಸಿಕ್ಕೀತು. ಬೇಸಿಗೆ ರಜೆ, ದಸರಾ ರಜೆ, ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರ, ಈ ಮೂರರಲ್ಲಿ ಮಾತ್ರ ವಾರದ ಯಾವ ದಿನವೂ ಒಂದೇ.

ಹಂತ 5: ತೆರಿಗೆಯ ಗೆರೆ 7,500ಕ್ಕೆ ಇದೆ

2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ 5. ಮೊದಲು ಶೇ 12 ಇತ್ತು, ಹಳೆಯ ವಿಡಿಯೊಗಳಲ್ಲಿ ಇನ್ನೂ ಅದೇ ಲೆಕ್ಕ ಓಡುತ್ತಿದೆ. 7,500 ದಾಟಿದರೆ ಶೇ 18.

ಈ ಗೆರೆಯ ಆಚೀಚೆ ನಿಂತ ಎರಡು ರೂಮು ನೋಡಿ. 7,400ರ ರೂಮಿಗೆ ತೆರಿಗೆ 370, ಕೊಡುವುದು 7,770. 7,600ರ ರೂಮಿಗೆ ತೆರಿಗೆ 1,368, ಕೊಡುವುದು 8,968. ಬೋರ್ಡಿನಲ್ಲಿ 200 ರೂಪಾಯಿ ಅಂತರ, ಬಿಲ್ಲಿನಲ್ಲಿ 1,198. ಎರಡು ರೂಮು, ಎರಡು ರಾತ್ರಿ ಎಂದರೆ 4,792. ದರ 7,500ರ ಸ್ವಲ್ಪ ಮೇಲೆ ಇದ್ದರೆ ನೇರ ಹೋಟೆಲಿಗೆ ಫೋನ್ ಮಾಡಿ, ಗೆರೆಯ ಕೆಳಗೆ ಬರುವಷ್ಟು ಕಡಿಮೆ ಮಾಡುತ್ತೀರಾ ಎಂದು ಕೇಳಿ. ತೆರಿಗೆ ನಿಂತಿರುವುದು ನಿಜವಾಗಿ ವಸೂಲಿ ಮಾಡುವ ಮೊತ್ತದ ಮೇಲೆ, ಬೋರ್ಡಿನ ದರದ ಮೇಲಲ್ಲ. ಎರಡು ನೂರು ಬಿಟ್ಟರೆ ಅವರಿಗೆ ದೊಡ್ಡ ನಷ್ಟವಿಲ್ಲ, ನಿಮಗೆ ಸಾವಿರದ ಮೇಲೆ ಉಳಿಯುತ್ತದೆ. ಇದಕ್ಕಿಂತ ಸಲೀಸಾದ ಚೌಕಾಸಿ ಹುಬ್ಬಳ್ಳಿಯ ದುರ್ಗದಬೈಲು ಪೇಟೆಯಲ್ಲೂ ಸಿಗಲಿಕ್ಕಿಲ್ಲ.

ಊಟಕ್ಕೂ ಇದರ ಬಿಸಿ ತಟ್ಟುತ್ತದೆ. ಸಾದಾ ಹೋಟೆಲಿನ ಊಟದ ಬಿಲ್ಲಿಗೆ ಜಿಎಸ್‌ಟಿ ಶೇ 5, ದುಬಾರಿ ರೂಮುಗಳ ಹೋಟೆಲಿನ ಒಳಗಿನ ರೆಸ್ಟೊರೆಂಟ್‌ನಲ್ಲಿ ಶೇ 18. ಬಿಲ್ಲಿನ ಕೆಳಗೆ ಸರ್ವಿಸ್ ಚಾರ್ಜ್ ಎಂದು ಬೇರೆ ಸೇರಿಸಿದ್ದರೆ ತೆಗೆಯಿಸಿ. ಗ್ರಾಹಕರನ್ನು ಕೇಳದೆ ಅದನ್ನು ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು.

ಹಂತ 6: ಹೊಟ್ಟೆಯ ಲೆಕ್ಕ

ಹೋಟೆಲಿನವರ ಭಾಷೆಯಲ್ಲಿ ಇಪಿ ಎಂದರೆ ಬರೀ ರೂಮು. ಸಿಪಿ ಎಂದರೆ ಬೆಳಗಿನ ತಿಂಡಿ ಸೇರಿ. ಎಂಎಪಿ ಎಂದರೆ ತಿಂಡಿಯ ಜೊತೆ ಒಂದು ಊಟ. ಎಪಿ ಎಂದರೆ ಮೂರೂ ಹೊತ್ತು. ಪಾರ್ಕ್ ಪ್ರವಾಸಕ್ಕೆ ಎಪಿ ದಂಡ. ಮಧ್ಯಾಹ್ನ ನೀವು ಪಾರ್ಕಿನೊಳಗೆ ಒದ್ದೆ ಬಟ್ಟೆಯಲ್ಲಿ ನಿಂತಿರುತ್ತೀರಿ, ಹೋಟೆಲಿನ ಬಫೆಗೆ ಯಾರು ಬರುತ್ತಾರೆ? ಪಾರ್ಕುಗಳಲ್ಲಿ ಹೊರಗಿನ ಊಟ ಒಯ್ಯಲು ಬಿಡುವುದೂ ಇಲ್ಲ, ಆ ಮಧ್ಯಾಹ್ನದ ಖರ್ಚು ಹೇಗಿದ್ದರೂ ಬೇರೆಯೇ. ಸಿಪಿ ಸಾಕು. ರೆಸಾರ್ಟಿನ ಸುತ್ತ ಬೇರೆ ಹೋಟೆಲ್ ಇಲ್ಲದಿದ್ದರೆ ರಾತ್ರಿ ಊಟ ಸೇರಿದ ಎಂಎಪಿ.

ಖಟಕ ರೊಟ್ಟಿ, ಶೇಂಗಾ ಚಟ್ನಿ, ಒಂದು ಡಬ್ಬಿ ಕೆಂಪು ಖಾರ ಕಟ್ಟಿಕೊಂಡು ಹೊರಡುವ ಮನೆಗಳು ನಮ್ಮಲ್ಲಿ ಇನ್ನೂ ಸಾಕಷ್ಟಿವೆ. ರೂಮಿನಲ್ಲಿ ಕೂತು ತಿನ್ನಲು ಬಹುತೇಕ ಲಾಡ್ಜುಗಳು ತಕರಾರು ಮಾಡುವುದಿಲ್ಲ, ಕೆಲ ರೆಸಾರ್ಟುಗಳು ಮಾಡುತ್ತವೆ. ಮೊದಲೇ ಕೇಳಿ. ಒಂದು ಮೊಸರಿನ ಪಾಕೀಟು ತಂದರೆ ರಾತ್ರಿ ಊಟ ಮುಗಿಯಿತು ಎನ್ನುವಂಥ ಮನೆಯವರಿಗೆ ಎಂಎಪಿ ದರ ಸುಮ್ಮನೆ ಹೊರೆ. ಅಜ್ಜಿಗೆ ಶಾಕಾಹಾರಿ ಅಡುಗೆಮನೆ ಬೇರೆಯೇ ಇರಬೇಕು ಎಂದಿದ್ದರೆ ಅದನ್ನೂ ಕಾಲಂನಲ್ಲಿ ಬರೆದುಕೊಳ್ಳಿ. ಇಲ್ಲದಿದ್ದರೆ ಹಣ್ಣು, ಬ್ರೆಡ್ ಖರ್ಚು ಬೇರೆ ಏಳುತ್ತದೆ.

ಹಂತ 7: ಫೋನ್ ಮಾಡಿ

ಇದನ್ನು ಬಿಡಬೇಡಿ. ಆ್ಯಪ್‌ನಲ್ಲಿ ಕಾಣುವುದು ಇಬ್ಬರಿಗೆ ಹೊಂದುವ ದರ. ನಿಮ್ಮ ಮನೆಗೆ ಹೊಂದುವ ದರ ಫೋನಿನಲ್ಲಿ ಹೊರಗೆ ಬರುತ್ತದೆ. ಸಂಭಾಷಣೆ ಹೆಚ್ಚುಕಡಿಮೆ ಹೀಗಿರುತ್ತದೆ:

"ನಮಸ್ಕಾರ್ರಿ, ಹುಬ್ಬಳ್ಳಿಯಿಂದ ಮಾತಾಡಾಕತ್ತೀನ್ರಿ. ಶನಿವಾರ ಒಂದ್ ರಾತ್ರಿಗೆ ರೂಮ್ ಬೇಕಾಗಿತ್ತು. ಐದು ಮಂದಿ ಅದೀವಿ. ಹುಡುಗ ಹದಿಮೂರು ವರ್ಷದಾಂವ, ಹುಡುಗಿ ಏಳು ವರ್ಷದಾಕಿ."

"ಆರು ಸಾವಿರದ ಎಂಟ್ನೂರು ಪ್ಲಸ್ ಟ್ಯಾಕ್ಸ್ ಆಗುತ್ತೆ ಸರ್."

"ಅದು ಎಷ್ಟ್ ಮಂದೀಗ್ರಿ?"

"ಇಬ್ಬರಿಗೆ ಸರ್. ಮಗು ಒಂದು ಫ್ರೀ, ಬೆಡ್ ಇರಲ್ಲ."

"ಮತ್ತ ನಮ್ಮ ಅವ್ವ ಎಲ್ಲಿ ಮಲಗ್ಬೇಕ್ರಿ?"

ಆ ಕಡೆಯಿಂದ ಒಂದು ಕ್ಷಣ ಮೌನ, ಆಮೇಲೆ ಎಕ್ಸ್‌ಟ್ರಾ ಬೆಡ್, ಎರಡನೆಯ ರೂಮು, ಪ್ಯಾಕೇಜು ಎಲ್ಲ ಒಂದೊಂದಾಗಿ ಹೊರಬೀಳುತ್ತವೆ. ನೀವು ಕೇಳಬೇಕಾದ ಮುಖ್ಯ ಪ್ರಶ್ನೆ ಒಂದೇ: "ಎಲ್ಲಾ ಹಿಡಿದು ಕೊನಿಗೆ ಬಿಲ್ ಎಷ್ಟ್ ಆಗ್ತೈತ್ರಿ?" ಉತ್ತರವನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳಿಸಲು ಹೇಳಿ. ಬರವಣಿಗೆಯಲ್ಲಿ ಕೊಡಲು ಹಿಂದೆಮುಂದೆ ನೋಡುವವರ ದರವನ್ನು ಪಟ್ಟಿಯಿಂದಲೇ ಹೊಡೆದುಹಾಕಿ.

ಅದೇ ಕರೆಯಲ್ಲಿ ಚೆಕ್-ಇನ್ ಸಮಯ ಕೇಳಿ. ರಾತ್ರಿ ರೈಲಿಗೆ ಹೋಗುವ ನಮಗೆ ಇದು ಬಾಡಿಗೆಯಷ್ಟೇ ದೊಡ್ಡ ವಿಷಯ. ಬೆಳಿಗ್ಗೆ ಏಳಕ್ಕೆ ಇಳಿದು, ರೂಮು ಮಧ್ಯಾಹ್ನ ಎರಡಕ್ಕೆ ಎಂದರೆ ಏಳು ತಾಸು ಸಾಮಾನು ಸಮೇತ ಎಲ್ಲಿ ಕೂರುವುದು? ಹಲವು ಲಾಡ್ಜುಗಳಲ್ಲಿ 24 ತಾಸಿನ ಲೆಕ್ಕ ಇರುತ್ತದೆ, ಬಂದ ಹೊತ್ತಿನಿಂದ ಒಂದು ದಿನ. ರೆಸಾರ್ಟುಗಳಲ್ಲಿ ಸಮಯ ನಿಗದಿ, ಮುಂಚೆ ಬೇಕೆಂದರೆ ಅರ್ಧ ದಿನದ ಬಾಡಿಗೆ ಕೇಳಿದರೂ ಕೇಳಿಯಾರು. ಬ್ಯಾಗ್ ಇಟ್ಟು, ಮುಖ ತೊಳೆದು ಪಾರ್ಕಿಗೆ ಹೋಗಲು ಬಿಡುತ್ತೀರಾ ಎಂದು ಕೇಳಿ. ಬಹುತೇಕರು ಬಿಡುತ್ತಾರೆ, ದುಡ್ಡಿಲ್ಲದೆ.

ಹಂತ 8: ಪಾರ್ಕಿನೊಳಗಿನ ಸಣ್ಣ ಖರ್ಚು

ನೀರಿನ ರೈಡ್‌ಗಳಿಗೆ ನೈಲಾನ್, ಪಾಲಿಯೆಸ್ಟರ್ ಥರದ ಬಟ್ಟೆಯೇ ಬೇಕು, ಹತ್ತಿ ಬಟ್ಟೆಗೆ ಬಿಡುವುದಿಲ್ಲ. ಅಲ್ಲೇ ಕೊಂಡರೆ ಐದು ಮಂದಿಯ ಖರ್ಚು ಒಂದು ರೂಮಿನ ಬಾಡಿಗೆಯ ಹತ್ತಿರ ಹೋಗಬಹುದು. ಹೊರಡುವ ಮುಂಚೆ ಹುಬ್ಬಳ್ಳಿಯಲ್ಲೇ ತಗೊಳ್ಳಿ. ಲಾಕರ್, ಪಾರ್ಕಿಂಗ್, ಇವನ್ನೂ ಕೂಡಿಸಿ. ಪಕ್ಕದ ರೆಸಾರ್ಟಿನಲ್ಲಿ ಉಳಿದವರಿಗೆ ಲಾಕರ್, ಪಾರ್ಕಿಂಗ್ ಎರಡೂ ಬೇಕಾಗದೇ ಇರಬಹುದು. ಟಿಕೆಟ್‌ಗೆ ವಿದ್ಯಾರ್ಥಿ, ಹಿರಿಯ ನಾಗರಿಕರ ದರ ಇದೆಯೇ ನೋಡಿ, ಗುರುತಿನ ಚೀಟಿ ಜೊತೆಗೆ ಇರಲಿ.

ಹಂತ 9: ಹೋಗಿ ಬರುವ ದಾರಿ

ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾದ ಮೇಲೆ ರಾಜ್ಯದ ಒಳಗಿನ ಪ್ರವಾಸದ ಗಣಿತವೇ ಬದಲಾಗಿದೆ. ಸಾಮಾನ್ಯ ಮತ್ತು ವೇಗದೂತ ಸರ್ಕಾರಿ ಬಸ್ಸುಗಳಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ರಾಜಹಂಸ, ಐರಾವತ, ಸ್ಲೀಪರ್‌ಗಳಿಗೆ ಇದು ಅನ್ವಯಿಸದು. ಫೋನಿನಲ್ಲಿ ಮಾತಾಡಿದ ಮನೆಯನ್ನೇ ತಗೊಳ್ಳಿ: ಐದರಲ್ಲಿ ಮೂವರು ಹೆಣ್ಣುಮಕ್ಕಳು. ಹುಬ್ಬಳ್ಳಿಯಿಂದ ವೇಗದೂತಕ್ಕೆ ಹೋದರೆ ಇಬ್ಬರ ಚಾರ್ಜು. ಆದರೆ ರಾತ್ರಿಯೆಲ್ಲ ಕೂತು ಹೋಗಿ ಮರುದಿನ ರೋಲರ್ ಕೋಸ್ಟರ್ ಹತ್ತುವುದು ಎಲ್ಲರ ಕೈಲಾಗುವ ಮಾತಲ್ಲ, ಉಳಿದ ದುಡ್ಡು ಬೆನ್ನುನೋವಿನ ಮುಲಾಮಿಗೆ ಹೋದೀತು. ನನ್ನ ಮಟ್ಟಿಗೆ ಶಕ್ತಿಯ ಲಾಭ ಇರುವುದು ಕೊನೆಯ ಹದಿನೈದು ಕಿ.ಮೀ.ಗಳಲ್ಲಿ. ಮೈಸೂರು ರಸ್ತೆಯ ಬಸ್ಸು ನಿಲ್ಲುವ ಜಾಗಕ್ಕೆ ಹತ್ತಿರದ ಲಾಡ್ಜು ಹಿಡಿದರೆ ಪಾರ್ಕಿಗೆ ಹೋಗಿಬರಲು ಕ್ಯಾಬ್ ಬೇಡ. ಹೈದರಾಬಾದ್, ಖೋಪೋಲಿಗಳಲ್ಲಿ ಈ ಸೌಲಭ್ಯ ಇಲ್ಲ, ಆದ್ದರಿಂದ ಅಲ್ಲಿ ಪಾರ್ಕಿನ ಒಳಗಿನ ವಸತಿಯ ತೂಕ ಹೆಚ್ಚುತ್ತದೆ.

ಹಂತ 10: ಲೆಕ್ಕ ಹಾಕಿ ನೋಡೋಣ

ಕೆಳಗಿನ ಅಂಕಿಗಳು ಕ್ರಮ ತೋರಿಸಲು ಹಾಕಿದವು. ನಿಮ್ಮ ಫೋನಿಗೆ ಬಂದ ದರ ಹಾಕಿಕೊಳ್ಳಿ. ಎರಡೂ ಕಡೆ ಒಂದೇ ಇರುವ ಖರ್ಚನ್ನು, ಅಂದರೆ ರೈಲು, ಪಾರ್ಕಿನ ಮಧ್ಯಾಹ್ನದ ಊಟ ಇತ್ಯಾದಿಯನ್ನು ಇಲ್ಲಿ ಬಿಟ್ಟಿದೆ. ಹೋಗಬೇಕೋ ಬೇಡವೋ ಎಂಬುದಕ್ಕೆ ಅವು ಬೇಕು, ಎಲ್ಲಿ ಉಳಿಯಬೇಕು ಎಂಬುದಕ್ಕೆ ಬೇಡ.

ಗಂಡ, ಹೆಂಡತಿ, ಹದಿಮೂರರ ಮಗ, ಏಳರ ಮಗಳು, ರೈಡ್ ಒಲ್ಲದ ಅಜ್ಜಿ. ಶನಿವಾರ ರಾತ್ರಿ. ಪಾರ್ಕ್ ಟಿಕೆಟ್ ದೊಡ್ಡವರಿಗೆ 1,400, ಮಗಳಿಗೆ 1,100 ಎಂದಿರಲಿ.

ರೆಸಾರ್ಟ್: ಎರಡು ರೂಮು, ತಲಾ 6,800, ತಿಂಡಿ ಸೇರಿ, ರೂಮಿಗೆ ಎರಡರಂತೆ ಪಾರ್ಕ್ ಟಿಕೆಟ್ ಸೇರಿ. 13,600ಕ್ಕೆ ತೆರಿಗೆ 680. ಒಟ್ಟು 14,280. ನಾಲ್ಕು ಟಿಕೆಟ್, ಹೋಗುವವರೂ ನಾಲ್ವರೇ.

ಲಾಡ್ಜು: ಫ್ಯಾಮಿಲಿ ರೂಮ್ 2,800, ಹೆಚ್ಚುವರಿ ಹಾಸಿಗೆ 500, ತೆರಿಗೆ 165, ಸೇರಿ 3,465. ಹೊರಗೆ ತಿಂಡಿ 500. ಕ್ಯಾಬ್ ಎರಡು ಸಲಕ್ಕೆ 800. ನಾಲ್ಕು ಟಿಕೆಟ್ 5,300. ಒಟ್ಟು 10,065.

ಅಂತರ 4,215. ಆ್ಯಪ್‌ನಲ್ಲಿ 6,800 ಎದುರು 2,800 ಕಂಡಾಗ ರೆಸಾರ್ಟಿಗೆ ಹೋಗುವವರು ಹುಚ್ಚರು ಅನ್ನಿಸಿತ್ತು. ಈಗ ಮಾತು ಬೇರೆ: ಈ 4,215ಕ್ಕೆ ಏನು ಸಿಗುತ್ತದೆ? ಅಜ್ಜಿ ಪರಿಚಯವಿಲ್ಲದ ಲಾಡ್ಜಿನಲ್ಲಿ ಇಡೀ ದಿನ ಒಬ್ಬಳೇ ಕೂರಬೇಕಿಲ್ಲ, ಅಥವಾ ಅವಳಿಗೂ ಒಂದು ಟಿಕೆಟ್ ತೆಗೆದು ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂರಿಸಬೇಕಿಲ್ಲ. ಒಬ್ಬರು ನಡುವೆ ಹೋಗಿ ನೋಡಿ ಬರಬಹುದು. ಸಂಜೆ ಪಾರ್ಕ್ ಮುಚ್ಚಿದ ಮೇಲೆ ಒದ್ದೆ ಬಟ್ಟೆಯ ಮಕ್ಕಳನ್ನು ಕಟ್ಟಿಕೊಂಡು ಕ್ಯಾಬ್ ಕಾಯಬೇಕಿಲ್ಲ. ಅಜ್ಜಿ ಬರುತ್ತಿದ್ದರೆ ನಾನು ರೆಸಾರ್ಟ್ ಎನ್ನುತ್ತೇನೆ. ಅಜ್ಜಿ ಬರದಿದ್ದರೆ ಲಾಡ್ಜು, ಎರಡನೆಯ ಯೋಚನೆ ಬೇಡ.

ಇದನ್ನೇ ಮಂಗಳವಾರಕ್ಕೆ ಹಾಕಿ. ರೆಸಾರ್ಟ್ ರೂಮು 4,900ಕ್ಕೆ ಇಳಿದರೆ ಎರಡಕ್ಕೆ ತೆರಿಗೆ ಸೇರಿ 10,290. ಲಾಡ್ಜು 2,400, ಹಾಸಿಗೆ 500, ತೆರಿಗೆ 145, ತಿಂಡಿ, ಕ್ಯಾಬ್ ಮೊದಲಿನಷ್ಟೇ, ಟಿಕೆಟ್ ವಾರದ ದಿನದ ದರದಲ್ಲಿ ನಾಲ್ಕಕ್ಕೆ 4,500 ಹಿಡಿದರೆ 8,845. ಅಂತರ 1,445ಕ್ಕೆ ಬಂತು. ರೆಸಾರ್ಟಿನ ದರ ವಾರದ ನಡುವೆ ಜಗ್ಗಿ ಇಳಿಯುತ್ತದೆ, ಲಾಡ್ಜಿನದು ಅಷ್ಟು ಅಲುಗಾಡುವುದಿಲ್ಲ. ಅಂಗಡಿಗೆ ಕೀಲಿ ಹಾಕಿ ವಾರದ ನಡುವೆ ಹೊರಡಲು ಆಗುವವರು ರೆಸಾರ್ಟಿನಲ್ಲೇ ಉಳಿಯಬಹುದು.

ಹಂತ 11: ದುಡ್ಡು ಕಟ್ಟುವ ಮುಂಚೆ

ರೈಲು ಟಿಕೆಟ್ ಕಾಯ್ದಿರಿಸುವುದು 60 ದಿನ ಮುಂಚೆಯಿಂದ. ಅದು ಖಚಿತವಾಗುವವರೆಗೆ ರದ್ದು ಮಾಡಿದರೆ ಹಣ ವಾಪಸ್ ಬರುವ ರೂಮನ್ನೇ ಹಿಡಿಯಿರಿ, ಐದಾರು ನೂರು ಹೆಚ್ಚಾದರೂ. ವೇಟಿಂಗ್ ಲಿಸ್ಟ್ ಟಿಕೆಟ್ ಇಟ್ಟುಕೊಂಡು ವಾಪಸ್ ಬಾರದ ರೂಮು ಬುಕ್ ಮಾಡುವುದು ಜೂಜು. ವಾಪಸ್ ಬರುವ ಹಣ ಬ್ಯಾಂಕ್ ಖಾತೆಗೋ, ಆ್ಯಪ್‌ನ ವಾಲೆಟ್‌ಗೋ ಎಂದೂ ಓದಿಕೊಳ್ಳಿ.

ಆ್ಯಪ್‌ನ ಕೊನೆಯ ಪುಟದಲ್ಲಿ ಕನ್ವೀನಿಯೆನ್ಸ್ ಫೀ, ವಿಮೆ, ದೇಣಿಗೆ ಎಂದು ತಾನೇ ಟಿಕ್ ಆಗಿರುವವನ್ನು ತೆಗೆಯಿರಿ. 'ಒಂದೇ ರೂಮು ಉಳಿದಿದೆ' ಎಂಬ ಕೆಂಪು ಅಕ್ಷರಕ್ಕೆ ಹೆದರಬೇಡಿ, ಹೋಟೆಲಿಗೆ ಫೋನ್ ಮಾಡಿದರೆ ಎಷ್ಟು ಉಳಿದಿವೆ ಎಂದು ತಿಳಿಯುತ್ತದೆ. ಸುಳ್ಳು ಅವಸರ ಹುಟ್ಟಿಸುವುದು, ಕೇಳದ ವಸ್ತುವನ್ನು ಬುಟ್ಟಿಗೆ ಹಾಕುವುದು, ಬೆಲೆಯನ್ನು ತುಣುಕು ತುಣುಕಾಗಿ ತೋರಿಸುವುದು, ಇಂಥ 13 ತಂತ್ರಗಳನ್ನು 2023ರ ನವೆಂಬರ್‌ನ ಕೇಂದ್ರ ಮಾರ್ಗಸೂಚಿ ನಿಷೇಧಿಸಿದೆ.

ಆ್ಯಪ್‌ನ ಕೊನೆಯ ಮೊತ್ತ ಸಿಕ್ಕ ಮೇಲೆ ಅದನ್ನೇ ಹೋಟೆಲಿಗೆ ಹೇಳಿ ಇನ್ನೊಮ್ಮೆ ಕೇಳಿ. ಆ್ಯಪ್‌ನವರಿಗೆ ಕಮಿಷನ್ ಕೊಡುವ ಬದಲು ನಿಮಗೆ ತಿಂಡಿಯನ್ನೋ ಎಕ್ಸ್‌ಟ್ರಾ ಬೆಡ್‌ನ್ನೋ ಬಿಟ್ಟುಕೊಡುವವರು ಇರುತ್ತಾರೆ.

ಸಮುದ್ರ ದಾಟಿ ಹೋಗುವವರಿಗೆ

ಮಗ ಫ್ಲಾರಿಡಾದಲ್ಲೋ ಮಗಳು ಸಿಂಗಪುರದಲ್ಲೋ ಇರುವ ಧಾರವಾಡದ ತಂದೆ-ತಾಯಿ ಈಗ ಕಡಿಮೆಯಿಲ್ಲ. ಕ್ರಮ ಇದೇ, ಗೆರೆಗಳು ಬೇರೆ. ಆರ್ಲ್ಯಾಂಡೊದ ವಾಲ್ಟ್ ಡಿಸ್ನಿ ವರ್ಲ್ಡ್ ತನ್ನ ಹೋಟೆಲುಗಳನ್ನು ವ್ಯಾಲ್ಯೂ, ಮಾಡರೇಟ್, ಡಿಲಕ್ಸ್ ಮೊದಲಾದ ಮಟ್ಟಗಳಾಗಿ ವಿಂಗಡಿಸಿದೆ. ಅಲ್ಲಿ ಉಳಿದವರನ್ನು ಪಾರ್ಕಿಗೆ ಅರ್ಧ ತಾಸು ಮುಂಚೆ ಬಿಡುತ್ತಾರೆ, ರಾತ್ರಿ ಕಾರ್ ನಿಲ್ಲಿಸಲು ದುಡ್ಡಿಲ್ಲ. ಈ ಎರಡು ಸೌಲಭ್ಯ ವ್ಯಾಲ್ಯೂ ಹೋಟೆಲಿನವರಿಗೂ ಉಂಟು, ಆದ್ದರಿಂದ ಬರೀ ಅವಕ್ಕಾಗಿ ಡಿಲಕ್ಸ್ ಬೇಡ. ಆರ್ಲ್ಯಾಂಡೊ ಸೇರಿದ ಆರೆಂಜ್ ಕೌಂಟಿ ಎಂಬ ಜಿಲ್ಲೆಯಲ್ಲಿ ರೂಮಿನ ಮೇಲೆ ತೆರಿಗೆ ಶೇ 12.5. ಹೊರಗಿನ ಹೋಟೆಲುಗಳ ರೆಸಾರ್ಟ್ ಫೀ ಎಂಬ ಬಾಬ್ತನ್ನು 2025ರ ಮೇ ತಿಂಗಳಿನಿಂದ ಮೊದಲೇ ಬೆಲೆಯಲ್ಲಿ ಸೇರಿಸಿ ತೋರಿಸಬೇಕು, ತೆರಿಗೆಯನ್ನು ಮಾತ್ರ ಆಮೇಲೆ ಕೂಡಿಸಬಹುದು.

ಸಿಂಗಪುರದ ಯೂನಿವರ್ಸಲ್ ಸ್ಟುಡಿಯೋಸ್ ಇರುವುದು ಸೆಂಟೋಸಾ ದ್ವೀಪದಲ್ಲಿ. ಅಲ್ಲಿನ ಹೋಟೆಲ್ ದರದ ಮುಂದೆ ಎರಡು ಪ್ಲಸ್ ಗುರುತು ಕಂಡರೆ ಶೇ 10 ಸರ್ವಿಸ್ ಚಾರ್ಜ್, ಅದರ ಮೇಲೆ ಶೇ 9 ತೆರಿಗೆ ಎಂದು ಅರ್ಥ. 300 ಡಾಲರ್ ಎಂದದ್ದು 359.70 ಆಗುತ್ತದೆ. ಇಲ್ಲಿನ ಟ್ರಾವೆಲ್ಸ್ ಮೂಲಕ ವಿದೇಶ ಪ್ಯಾಕೇಜ್ ಕೊಂಡರೆ ಟಿಸಿಎಸ್, ಅಂದರೆ ಮಾರುವವರೇ ಮುಂಗಡವಾಗಿ ವಸೂಲಿ ಮಾಡುವ ಆದಾಯ ತೆರಿಗೆ, ಹಿಡಿಯುತ್ತಾರೆ. ಅದು ಖರ್ಚಲ್ಲ, ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು. ರಸೀದಿ ಇಟ್ಟುಕೊಳ್ಳಿ, ನಿಮ್ಮ ಲೆಕ್ಕಪರಿಶೋಧಕರಿಗೆ ಕೊಡಿ.

ಚೆಕ್-ಇನ್ ಕೌಂಟರ್‌ನಲ್ಲಿ

ಒಪ್ಪಿದ ಮೊತ್ತ ಇರುವ ವಾಟ್ಸ್‌ಆ್ಯಪ್ ಸಂದೇಶವನ್ನು ಕೀಲಿ ಕೈಗೆ ತೆಗೆದುಕೊಳ್ಳುವ ಮುಂಚೆಯೇ ತೋರಿಸಿ, ಹೊರಡುವಾಗ ಅಲ್ಲ. ಎರಡು ರೂಮು ಒಂದೇ ಮಹಡಿಯಲ್ಲಿ, ಅಕ್ಕಪಕ್ಕ ಕೊಡಲು ಹೇಳಿ. ಡಿಪಾಸಿಟ್ ಕಟ್ಟಿಸಿಕೊಂಡರೆ ರಸೀದಿ ಕೇಳಿ. ಜಿಎಸ್‌ಟಿ ನಂಬರ್ ಇರುವ ಬಿಲ್ಲನ್ನೇ ತಗೊಳ್ಳಿ, ಕಚ್ಚಾ ಚೀಟಿ ಬೇಡ. ಹೇಳಿದ್ದಕ್ಕಿಂತ ಹೆಚ್ಚು ವಸೂಲಿ ಮಾಡಿದರೆ ಅಲ್ಲೇ ನಿಂತು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.